ಮಸ್ಟಾಂಗ್ ಜಿಟಿಗೆ ಸೂಪರ್‌ಚಾರ್ಜರ್ ಕಿಟ್ ಅಳವಡಿಸುವ ಕ್ರಮ

2015ರಿಂದ 2017ರವರೆಗಿನ ಫೋರ್ಡ್ ಮಸ್ಟಾಂಗ್ ಜಿಟಿಯ 5.0 ಲೀಟರ್ ಕಯೋಟಿ ವಿ8 ಎಂಜಿನ್ ಅಮೆರಿಕದ ಮಾರುಕಟ್ಟೆಗೆ 435 ಅಶ್ವಶಕ್ತಿಯೊಂದಿಗೆ ಬಂದಿತ್ತು. ಅದರ ಮೇಲೆ ಒಂದು ಒಳ್ಳೆಯ ಸೂಪರ್‌ಚಾರ್ಜರ್ (ಎಂಜಿನ್ನಿನೊಳಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಕೂರಿಸಿದರೆ ಶಕ್ತಿ 600ನ್ನು ಸುಲಭವಾಗಿ ದಾಟುತ್ತದೆ. ಸ್ಪಾನರ್ ಹಿಡಿದು ಅಭ್ಯಾಸವಿರುವ ಇಬ್ಬರು ಈ ಕೆಲಸವನ್ನು ಮನೆಯ ಗ್ಯಾರೇಜಿನಲ್ಲೇ ಎರಡು ಮೂರು ದಿನಗಳಲ್ಲಿ ಮುಗಿಸಬಹುದು. ಆದರೆ ಬೋಲ್ಟ್ ಬಿಗಿಯುವುದು ಇಲ್ಲಿ ಸುಲಭದ ಭಾಗ. ಎಂಜಿನ್ ಬಾಳುವುದು ಶುಚಿತ್ವ, ಕೂಲೆಂಟ್ (ತಣಿಸುವ ದ್ರವ) ಮತ್ತು ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಎಂಬ ಮೂರರ ಮೇಲೆ.

ಇಲ್ಲಿ ಹೇಳುವ ಬಗೆಯ ಸೂಪರ್‌ಚಾರ್ಜರಿನಲ್ಲಿ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗುವ ಎರಡು ರೋಟರ್‌ಗಳು ಗಾಳಿಯನ್ನು ಸಿಲಿಂಡರುಗಳತ್ತ ತಳ್ಳುತ್ತವೆ. ಹೀಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಗಾಳಿ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬುದು) ಮೊದಲೇ 11:1 ಇರುವುದರಿಂದ, ಬಿಸಿ ಗಾಳಿ ಒಳಹೊಕ್ಕರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ ಒಡೆಯುವ ಅಪಾಯವಿದೆ. ಆದ್ದರಿಂದಲೇ ಇಂಥ ಕಿಟ್‌ಗಳಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಗೆ ಆ ಗಾಳಿಯನ್ನು ತಣಿಸುವ, ನೀರಿನಿಂದ ತಣಿಯುವ ಇಂಟರ್‌ಕೂಲರ್, ಕಾರಿನ ಮುಂಭಾಗದಲ್ಲಿ ಅದಕ್ಕೇ ಮೀಸಲಾದ ಚಿಕ್ಕ ರೇಡಿಯೇಟರ್ ಮತ್ತು ಬೇರೆ ಪಂಪ್ ಇರುತ್ತವೆ.

ಬಿಚ್ಚುವ ಮೊದಲು ಎಂಜಿನ್ನಿನ ಆರೋಗ್ಯ ನೋಡಬೇಕು. ಎಂಟೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷಿಸಿ; ಒಂದರಲ್ಲಿ ಒತ್ತಡ ಉಳಿದವುಗಳಿಗಿಂತ ತೀರಾ ಕಡಿಮೆ ಇದ್ದರೆ ಕಿಟ್‌ನ ಪೆಟ್ಟಿಗೆ ತೆರೆಯಲೇಬೇಡಿ. ಕಯೋಟಿಯ ಆಯಿಲ್ ಪಂಪಿನ ಗೇರ್‌ಗಳು ಲೋಹದ ಪುಡಿಯನ್ನು ಒತ್ತಿ ಮಾಡಿದವು. ಸೂಪರ್‌ಚಾರ್ಜರ್ ಕೂರಿಸಿದ ಮೇಲೆ ಎಂಜಿನ್ನನ್ನು ಪದೇ ಪದೇ ಅದರ ಗರಿಷ್ಠ ತಿರುಗು ವೇಗದ ಮಿತಿಗೆ ತಾಗಿಸಿದರೆ ಅವು ಒಡೆಯಬಹುದು. ರೇಸ್ ಟ್ರ್ಯಾಕಿಗೆ ಇಳಿಯುವ ಆಲೋಚನೆಯಿದ್ದರೆ ಗಟ್ಟಿ ಉಕ್ಕಿನಲ್ಲಿ ಕಡೆದ ಗೇರ್‌ಗಳನ್ನು ಈಗಲೇ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಅನಿವಾರ್ಯ. ಕಾನೂನನ್ನೂ ಮರೆಯಬಾರದು. ಕ್ಯಾಲಿಫೋರ್ನಿಯಾದಲ್ಲಿರುವವರು ಅಲ್ಲಿನ ವಾಯು ಮಂಡಳಿಯ ಅನುಮೋದನೆ ಸಂಖ್ಯೆಯುಳ್ಳ ಕಿಟ್ಟನ್ನೇ ಕೊಳ್ಳಬೇಕು. 2016ರಲ್ಲಿ ಮಸ್ಟಾಂಗ್ ಭಾರತಕ್ಕೂ ಬಂತು. ಆದರೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುವುದರಿಂದ, ಬೆಂಗಳೂರಿನ ಮಾಲೀಕರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಎಂಜಿನ್ ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೂಲೆಂಟ್ ಇಳಿಸಿ, ಮುಂದಿನ ಬಂಪರ್ ತೆಗೆಯಿರಿ. ನಂತರ ಗಾಳಿಯ ಕೊಳವೆ, ಥ್ರಾಟಲ್ ಬಾಡಿ (ಗಾಳಿಯ ಪ್ರಮಾಣ ನಿಯಂತ್ರಿಸುವ ಭಾಗ), ಫ್ಯೂಯೆಲ್ ರೈಲ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಒಯ್ಯುವ ಕೊಳವೆ) ಮತ್ತು ಪ್ಲಾಸ್ಟಿಕ್ಕಿನ ಇನ್‌ಟೇಕ್ ಮ್ಯಾನಿಫೋಲ್ಡ್ ಒಂದೊಂದಾಗಿ ಹೊರಬರುತ್ತವೆ. ಕಳಚಿದ ಪ್ರತಿಯೊಂದು ವಿದ್ಯುತ್ ಪ್ಲಗ್ಗಿಗೂ ಚೀಟಿ ಅಂಟಿಸಿ.

ಮ್ಯಾನಿಫೋಲ್ಡ್ ಎತ್ತುವ ಮೊದಲು ಸುತ್ತಲಿನ ಮಣ್ಣು, ಕಸವನ್ನು ವ್ಯಾಕ್ಯೂಮ್ ಹಿಡಿದು ಎಳೆಯಿರಿ. ಎತ್ತಿದ ಕ್ಷಣದಲ್ಲೇ ಎಂಟೂ ಪೋರ್ಟುಗಳಿಗೆ (ಸಿಲಿಂಡರುಗಳಿಗೆ ಗಾಳಿ ಹೋಗುವ ಬಾಯಿಗಳಿಗೆ) ಅಗಲವಾದ ಟೇಪ್ ಅಂಟಿಸಿ. ನಾನು ಮೊದಲ ಸಲ ಏಳು ಪೋರ್ಟುಗಳನ್ನು ಮುಚ್ಚಿ, ಎಂಟನೆಯದಕ್ಕೆ ಟೇಪ್ ಹರಿಯುತ್ತಿದ್ದಾಗ ಅಂಗಿಯ ತೋಳು ತಾಗಿ ಒಂದು ಚಿಕ್ಕ ವಾಷರ್ ಉರುಳಿತು. ಟಿಣ್ ಎಂಬ ಸದ್ದು ಮಾತ್ರ ಕೇಳಿಸಿತು. ಕ್ಯಾಮರಾ ಇಳಿಸಿ ನೋಡಿದರೆ ಅದು ಮುಚ್ಚಿದ ವಾಲ್ವಿನ ಬೆನ್ನ ಮೇಲೆ ಹೊಳೆಯುತ್ತ ಕೂತಿತ್ತು. ಅಯಸ್ಕಾಂತದ ಕಡ್ಡಿಯಿಂದ ಹೊರತೆಗೆಯಲು ಅರ್ಧ ದಿನ ಹಿಡಿಯಿತು. ವಾಲ್ವ್ ತೆರೆದಿದ್ದರೆ ಸಿಲಿಂಡರ್ ಹೆಡ್ಡನ್ನೇ ಬಿಚ್ಚಬೇಕಾಗುತ್ತಿತ್ತೇನೋ.

ಗ್ಯಾಸ್ಕೆಟ್ ಕೂರುವ ಜಾಗವನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದಲೇ ಉಜ್ಜಿ. ಉಕ್ಕಿನದು ಅಲ್ಯೂಮಿನಿಯಮ್ಮನ್ನು ಗೀರುತ್ತದೆ. ಈ ಹಂತದಲ್ಲೇ ಸ್ಪಾರ್ಕ್ ಪ್ಲಗ್‌ಗಳನ್ನೂ ಬದಲಿಸಿ. ಮೂಲ ಪ್ಲಗ್ಗಿನಲ್ಲಿ ಕಿಡಿ ಹಾರುವ ಅಂತರ ಸುಮಾರು 1.3 ಮಿ.ಮೀ.; ಒತ್ತಡ ಹೆಚ್ಚಾದಾಗ ಕಿಡಿ ಅಷ್ಟು ದೂರ ಹಾರಲು ತಿಣುಕುವುದರಿಂದ, ಕಿಟ್‌ನವರು ಸಾಮಾನ್ಯವಾಗಿ 0.9 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಅಂತರ ಸೂಚಿಸುತ್ತಾರೆ. ಪೆಟ್ರೋಲ್ ಚಿಮ್ಮಿಸುವ ಹೊಸ ಇಂಜೆಕ್ಟರುಗಳ ಓ-ರಿಂಗಿಗೆ (ರಬ್ಬರ್ ಬಳೆಗೆ) ಎಣ್ಣೆ ಸವರಿ, ಬೆರಳಿನಿಂದಲೇ ಒತ್ತಿ ಕೂರಿಸಿ.

ಸೂಪರ್‌ಚಾರ್ಜರ್ ಭಾರವಾದದ್ದು, ಅದನ್ನು ಇಬ್ಬರು ಹಿಡಿದು ನೇರವಾಗಿ ಇಳಿಸಬೇಕು. ಇಳಿಸುವ ಮುನ್ನ ಟೇಪ್ ಎಣಿಸಿ ತೆಗೆಯಿರಿ, ಎಂಟಕ್ಕೆ ಎಂಟೂ ಕೈಗೆ ಬರಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ, ಆಮೇಲೆ ನಡುವಿನಿಂದ ಹೊರಗೆ ಸಾಗುತ್ತ, ಕೈಪಿಡಿಯಲ್ಲಿರುವ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಎರಡು ಸುತ್ತಿನಲ್ಲಿ ಬಿಗಿಯಿರಿ. ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಕೊಳವೆ ಮತ್ತು ಬೈಪಾಸ್ ವಾಲ್ವಿನ ಕೊಳವೆ ಅದಲುಬದಲಾಗಿಲ್ಲವೆಂದು ಕೈಪಿಡಿಯ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ. ಬೆಲ್ಟ್ ಪ್ರತಿ ಪುಲ್ಲಿಯ ಗೀರುಗಳಲ್ಲೂ ಸರಿಯಾಗಿ ಕೂತಿರಬೇಕು.

ಮೊದಲು ಇಳಿಸಿದ ಎಂಜಿನ್ ಕೂಲೆಂಟನ್ನು ಮತ್ತೆ ತುಂಬಿ. ಇಂಟರ್‌ಕೂಲರಿನ ಕೂಲೆಂಟ್ ಬಗ್ಗೆ ಹೆಚ್ಚಿನವರು ಅವಸರ ಮಾಡುತ್ತಾರೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪ್ ಸದ್ದು ಮಾಡುತ್ತದೆಯೇ ಹೊರತು ನೀರು ಚಲಿಸುವುದಿಲ್ಲ. ವ್ಯಾಕ್ಯೂಮ್ ಫಿಲ್ಲರ್ ಬಳಸಿ ತುಂಬುವುದೇ ಉತ್ತಮ. ಅದಿಲ್ಲದಿದ್ದರೆ ಬ್ಯಾಟರಿ ಜೋಡಿಸಿ, ಪಂಪ್ ಓಡಿಸುತ್ತ ರಿಸರ್ವಾಯರಿನ ಬಾಯಿಯಲ್ಲಿ ಕಣ್ಣಿಟ್ಟು ಕಾಯಿರಿ: ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಾಸಿವೆಯಷ್ಟು ಸಣ್ಣವು ಬಂದು, ಕೊನೆಗೆ ಗುಳ್ಳೆಯಿಲ್ಲದೆ ನೀರು ಒಂದೇ ಸಮನೆ ಸುಳಿಯತೊಡಗಬೇಕು.

ಬ್ಯಾಟರಿ ಜೋಡಿಸಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲೇ ಮೂಲ ಟ್ಯೂನನ್ನು ಉಳಿಸಿಟ್ಟುಕೊಂಡು, ಹೊಸದನ್ನು ಕಂಪ್ಯೂಟರಿಗೆ ಹಾಕಬೇಕು. ಹಳೆಯ ಟ್ಯೂನ್‌ಗೆ ಹೊಸ ಇಂಜೆಕ್ಟರುಗಳ ಅಳತೆಯೇ ಗೊತ್ತಿರುವುದಿಲ್ಲ. ಕಿಟ್ ಕೇಳುವ 91 ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದಿರುವ ಗುಣದ ಅಳತೆ) ಅಮೆರಿಕದ ಲೆಕ್ಕ. ಅದು ಭಾರತದ ಬಂಕಿನ ಲೆಕ್ಕದಲ್ಲಿ ಸುಮಾರು 95 ಅಥವಾ 96 ಆಗುತ್ತದೆ. ಭಾರತದ ಲೆಕ್ಕದ 91 ಸಾಲದು.

ಫ್ಯೂಯೆಲ್ ಪಂಪಿನ ಫ್ಯೂಸ್ ಮರಳಿ ಹಾಕಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ನನ್ನು ಆನ್ ಸ್ಥಿತಿಗಷ್ಟೇ ತಂದು, ಪ್ರತಿ ಇಂಜೆಕ್ಟರಿನ ಬುಡವನ್ನೂ ಟಾರ್ಚ್ ಹಾಕಿ ನೋಡಿ. ಪೆಟ್ರೋಲಿನ ಒಂದು ಹನಿ ಕಂಡರೂ ಮುಂದುವರಿಯಬೇಡಿ. ಚಾಲೂ ಆದ ಮೇಲೆ ಎಂಜಿನ್ ಬಿಸಿಯಾಗುವವರೆಗೆ ನಿಂತಲ್ಲೇ ಓಡಲಿ. ಮೊದಲ ಓಟ ನಿಧಾನದ್ದಾಗಿರಲಿ, ಲ್ಯಾಪ್‌ಟಾಪ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಒಳಬರುವ ಗಾಳಿಯ ಉಷ್ಣತೆ, ಪೆಟ್ರೋಲ್ ಮತ್ತು ಗಾಳಿಯ ಅನುಪಾತ, ಹೊತ್ತಿಗೆ ಮುಂಚಿನ ಸಿಡಿತವನ್ನು ಗುರುತಿಸುವ ನಾಕ್ ಸೆನ್ಸರಿನ ಸೂಚನೆ ಈ ಮೂರನ್ನೂ ದಾಖಲಿಸಿ ಟ್ಯೂನ್ ಮಾಡಿದವರಿಗೆ ತೋರಿಸುವವರೆಗೆ ಆಕ್ಸಿಲರೇಟರನ್ನು ಪೂರ್ತಿ ಒತ್ತಬಾರದು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬಾನೆಟ್ ತೆರೆದು ಪುಲ್ಲಿಗಳ ಸುತ್ತ ಕಪ್ಪು ಪುಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ, ಪುಲ್ಲಿಗಳ ಸಾಲನ್ನು ಮತ್ತೆ ಸರಿಪಡಿಸಬೇಕು.