ಮಕ್ಕಳ ಮೊದಲ ಚಾರಣ: ಬೆಟ್ಟಕ್ಕೆ ತಕ್ಕ ಬಟ್ಟೆ ಆರಿಸುವುದು ಹೇಗೆ?

ರಜೆಯಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಮೊದಲ ಬಾರಿಗೆ ಬೆನ್ನುಚೀಲ ಹೊತ್ತು ಬೆಟ್ಟಕ್ಕೆ ಹೊರಟಾಗ, ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳಲ್ಲಿ ಜೀನ್ಸ್ ಪ್ಯಾಂಟು, ಹತ್ತಿಯ ಟಿ-ಶರ್ಟು, ಒಂದು ದಪ್ಪ ಸ್ವೆಟರ್ ಚೀಲ ಸೇರುತ್ತವೆ. ಊರಿನ ಹವೆಗೆ ಇವು ಸಾಕು. ಆದರೆ ಬೆಟ್ಟದಲ್ಲಿ ಮಕ್ಕಳನ್ನು ಹೈರಾಣಾಗಿಸುವುದು ಚಳಿಗಿಂತ ಹೆಚ್ಚಾಗಿ ಮೈಮೇಲಿನ ಒದ್ದೆ ಬಟ್ಟೆ.

ಮೊದಲು ಹೋಗುವ ಜಾಗದ ಎತ್ತರ ತಿಳಿದುಕೊಳ್ಳಿ. 1,000 ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹುಬ್ಬಳ್ಳಿ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಈ ಲೆಕ್ಕದಂತೆ ಅಲ್ಲಿ ಸುಮಾರು 8 ಡಿಗ್ರಿ ಕಡಿಮೆ, ಗಾಳಿ ಬೀಸಿದರೆ ಮೈಗೆ ಇನ್ನೂ ತಣ್ಣಗೆನಿಸುತ್ತದೆ. ಹಿಮಾಲಯದ 3,500 ಮೀಟರ್ ಎತ್ತರದ ಶಿಬಿರವಾದರೆ ಎತ್ತರದ ಕಾರಣಕ್ಕೇ 18 ಡಿಗ್ರಿಯಷ್ಟು ಇಳಿಕೆ, ಉತ್ತರದ ಚಳಿ ಅದರ ಮೇಲೆ.

ಎರಡನೆಯದು ಬಟ್ಟೆಯ ಜಾತಿ. ಹತ್ತಿ ಬೆವರನ್ನೂ ಮಳೆಯನ್ನೂ ಹೀರಿಕೊಂಡು ಬೇಗ ಒಣಗದೆ, ಮೈಯ ಶಾಖವನ್ನು ಎಳೆಯುತ್ತಲೇ ಇರುತ್ತದೆ. ನೆನೆದ ಜೀನ್ಸ್ ಅಂತೂ ಕಾಲಿಗೆ ಭಾರ. ಮೈಗೆ ತಾಗುವ ಬಟ್ಟೆ ಪಾಲಿಯೆಸ್ಟರ್‌ನದಾಗಿರಲಿ. ಇದಕ್ಕೆ ದುಬಾರಿ ಅಂಗಡಿ ಬೇಕಿಲ್ಲ, ಮಕ್ಕಳು ಆಟಕ್ಕೆ ಹಾಕುವ ಜೆರ್ಸಿ, ಟ್ರ್ಯಾಕ್ ಪ್ಯಾಂಟು ನಡೆಯುತ್ತವೆ. ಅದರ ಮೇಲೆ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ (ಪಾಲಿಯೆಸ್ಟರ್‌ನ ಮೆತ್ತನೆಯ ಬೆಚ್ಚನೆ ಬಟ್ಟೆ). ಉಣ್ಣೆ ತುಸು ನೆನೆದರೂ ಬೆಚ್ಚಗಿಡುತ್ತದೆ; ನಮ್ಮ ಹಾವೇರಿ, ಗದಗ ಕಡೆಯ ಕುರಿಗಾಹಿಗಳು ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಿಲ್ಲುವುದು ಇದೇ ಗುಣವನ್ನು ನಂಬಿ. ಎಲ್ಲಕ್ಕೂ ಹೊರಗೆ ಗಾಳಿ, ಮಳೆ ತಡೆಯುವ ಟೋಪಿಯುಳ್ಳ ಜಾಕೆಟ್ ಇರಬೇಕು. ಕೊಂಡ ದಿನವೇ ಬಚ್ಚಲಲ್ಲಿ ಅದರ ಮೇಲೆ ನೀರು ಸುರಿದು ಹೊಲಿಗೆಯಲ್ಲಿ ಸೋರುತ್ತದೆಯೇ ನೋಡಿ.

ಇವನ್ನು ಕೊಡಿಸುವುದಕ್ಕಿಂತ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಕಲಿಸುವುದು ಹೆಚ್ಚು ಮುಖ್ಯ. ಗುಂಪು ತನಗಾಗಿ ನಿಲ್ಲಬೇಕಾಗುತ್ತದೆ ಎಂಬ ಸಂಕೋಚದಿಂದ ಈ ವಯಸ್ಸಿನವರು ಸ್ವೆಟರ್ ತೆಗೆಯದೆ ಬೆವೆತು, ನೆತ್ತಿ ತಲುಪಿ ನಿಂತ ಕೂಡಲೇ ನಡುಗತೊಡಗುತ್ತಾರೆ. ತುಸು ಚಳಿ ಎನಿಸುವಾಗಲೇ ನಡೆಯಲು ಆರಂಭಿಸಿ, ನಿಂತಾಗ ಮೈ ತಣಿಯುವ ಮೊದಲೇ ಸ್ವೆಟರ್ ಹಾಕಿಕೊಳ್ಳುವಂತೆ ಹೇಳಿ.

ಬೂಟು ಹೊಸದಾಗಿದ್ದರೆ ಎರಡು ವಾರ ಮೊದಲೇ ತಂದು, ತುಂಬಿದ ಚೀಲದೊಂದಿಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿಸಿ ಇಳಿಸಿ. ಬೆಳೆಯುವ ಕಾಲು, ಹೋದ ವರ್ಷದ ಬೂಟು ಇಳಿಜಾರಿನಲ್ಲಿ ಬೆರಳು ಕಚ್ಚುತ್ತದೆ. ಮಳೆಗಾಲದ ಸಹ್ಯಾದ್ರಿಯಲ್ಲಿ ಇಂಬಳದ (ರಕ್ತ ಹೀರುವ ಜಿಗಣೆ) ಕಾಟವಿರುವುದರಿಂದ ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಬೇಕು. ಕಿವಿ ಮುಚ್ಚುವ ಟೋಪಿ, ಕೈಗವಸು, ಬಿಸಿಲಿಗೊಂದು ಟೋಪಿ ಇದ್ದರೆ ಸಾಕು.

ಕೊನೆಗೆ, ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ರಾತ್ರಿ ಮಲಗುವವರೆಗೂ ಅದನ್ನು ಬಿಚ್ಚಬಾರದೆಂದು ತಿಳಿಸಿ. ಇದಕ್ಕೆ ಒಂದೇ ವಿನಾಯಿತಿ: ಯಾರಾದರೂ ಬಿಡದೆ ನಡುಗುತ್ತಿದ್ದರೆ, ಮಾತು ತೊದಲಿದರೆ, ಆಗಲೇ ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ಕಳಚಿ, ಈ ಒಣ ಬಟ್ಟೆ ತೊಡಿಸಿ, ಮುಂದಾಳಿಗೆ ತಿಳಿಸಿ ವೈದ್ಯಕೀಯ ನೆರವು ಕೇಳಬೇಕು.