ಸಹಿ ರಟ್ಟಿನ ಕೆಳಗೇ ಇತ್ತು

ಕಾರವಾರದ ಹಳೆ ಮನೆಯೊಂದರ ಸಾಮಾನಿನ ಜೊತೆ ನನಗೊಂದು ಎಚಿಂಗ್ (ಆಮ್ಲದಿಂದ ಗೆರೆ ಕೊರೆದ ಲೋಹದ ತಗಡಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರ) ಸಿಕ್ಕಿತ್ತು. ಸಹಿ ಕಾಣಲಿಲ್ಲ. ಪುಸ್ತಕದಿಂದ ಕತ್ತರಿಸಿದ ಹಾಳೆಯೇನೋ ಅಂತ ಎರಡು ಮಳೆಗಾಲ ಸುಮ್ನೆ ಬಿಟ್ಟೆ. ಈ ಸಲ ಕಂದು ಚುಕ್ಕೆ ಶುರುವಾಯಿತು, ಫ್ರೇಮ್ ಬಿಚ್ಚಿದೆ. ಚಿತ್ರದ ಅಂಚು ಮುಚ್ಚಿದ್ದ ಮುಂದಿನ ರಟ್ಟು ಸರಿಸಿದರೆ ಪೆನ್ಸಿಲ್ ಸಹಿ: ಬಂಗಾಳದ ಕಲಾವಿದ ಮುಕುಲ್ ಡೇ! ಚಿತ್ರದ ಸುತ್ತ ತಗಡು ಒತ್ತಿದ ತಗ್ಗು. ಭೂತಗನ್ನಡಿ ಹಿಡಿದೆ. ಪುಸ್ತಕದ ಅಚ್ಚಿನಂಥ ಚುಕ್ಕೆಗಳಿಲ್ಲ, ಬರೀ ಶಾಯಿ ತುಂಬಿದ ಗೆರೆಗಳು. ಅಂದರೆ ಪುಸ್ತಕದ ಹಾಳೆಯಲ್ಲ, ಅಸಲಿ ಎಚಿಂಗ್.

1895ರಲ್ಲಿ ಹುಟ್ಟಿದ ಡೇ 1916ರಲ್ಲಿ ರವೀಂದ್ರನಾಥ ಠಾಗೋರರ ಜೊತೆ ಜಪಾನಿಗೆ, ಆಮೇಲೆ ಅಮೆರಿಕಕ್ಕೆ ಹೋಗಿ ಎಚಿಂಗ್ ಕಲಿತವರು. ಠಾಗೋರರು ಯುವಕರಾಗಿದ್ದಾಗ ನಮ್ಮ ಕಾರವಾರದಲ್ಲಿ ಇದ್ದರಲ್ವಾ, ಅದು ನೆನಪಾಗಿ ಮೈ ಜುಮ್ಮೆಂದಿತು.

ಹಳೆ ರಟ್ಟು ಬಿಸಾಡಿ, ಕಾಗದ ಕೆಡಿಸದ, ಆಮ್ಲವಿಲ್ಲದ ರಟ್ಟು ಹಾಕಿಸಿದೆ. ಗಾಜು ಈಗ ಕಾಗದಕ್ಕೆ ತಾಗುವುದಿಲ್ಲ. ಕಡಲಗಾಳಿ ಬಡಿಯದ ಒಳಗೋಡೆಗೆ ತೂಗುಹಾಕಿದ್ದೇನೆ.