ಹಳದಿ ತ್ರಿಕೋನ ಕಂಡಾಗ ನಾನು ಮಾಡುವುದೇನು

ಕಂಪ್ಯೂಟರಿನ ಒಂದು ಭಾಗ ಕೈಕೊಟ್ಟ ಕೂಡಲೇ ಹೊಸ ಡ್ರೈವರ್ (ಆ ಭಾಗವನ್ನು ನಡೆಸುವ ತಂತ್ರಾಂಶ) ಹುಡುಕಿ ಇಳಿಸಿಕೊಳ್ಳುವುದು ಎಲ್ಲರ ರೂಢಿ. ನಾನು ಆ ಕೆಲಸವನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ಕೆಟ್ಟಿರುವುದು ಯಾವ ಸಾಧನ, ಅದಕ್ಕೆ ಈಗ ಅಂಟಿಕೊಂಡಿರುವುದು ಯಾವ ಡ್ರೈವರ್, ತೊಂದರೆ ಶುರುವಾದದ್ದು ಯಾವಾಗ ಎಂಬುದು ತಿಳಿಯದೆ ಏನನ್ನು ಇಳಿಸಿಕೊಂಡರೂ ಗೋಜಲು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇತ್ತೀಚೆಗೆ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವೈಫೈ ಮಾಯವಾಯಿತು. ಸಂಪರ್ಕ ನಿಧಾನವಾದದ್ದಲ್ಲ, ವೈಫೈ ಗುರುತೇ ಇರಲಿಲ್ಲ. ಮೊದಲು ರೀಸ್ಟಾರ್ಟ್ ಮಾಡಿದೆ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಇದಕ್ಕೆ ಸಮವಲ್ಲ. ವಿಂಡೋಸ್ 8ರಿಂದೀಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಆಗಿದ್ದರೆ, ಶಟ್‌ಡೌನ್ ಮಾಡುವಾಗ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಹಾಗಾಗಿ ಕೆಟ್ಟ ಸ್ಥಿತಿಯೂ ಹಾಗೆಯೇ ಮರಳಿ ಬರಬಹುದು. ಎಲ್ಲವೂ ಹೊಸದಾಗಿ ಶುರುವಾಗುವುದು ರೀಸ್ಟಾರ್ಟಿನಲ್ಲಿ, ಇಲ್ಲವೇ ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಮಾಡಿದಾಗ. ನನಗೆ ಅದರಿಂದಲೂ ಪ್ರಯೋಜನವಾಗಲಿಲ್ಲ.

ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ವೈಫೈ ಕಾರ್ಡಿನ ಮೇಲೆ ಹಳದಿ ತ್ರಿಕೋನ, ಪ್ರಾಪರ್ಟೀಸ್‌ನಲ್ಲಿ ಕೋಡ್ 10. ಈ ಸಂಖ್ಯೆಗಳನ್ನು ಜನ ಓದದೆ ದಾಟಿಬಿಡುತ್ತಾರೆ, ಆದರೆ ಅವು ದಾರಿ ತೋರಿಸುತ್ತವೆ. 22 ಎಂದರೆ ಯಾರೋ ಸಾಧನವನ್ನು ನಿಷ್ಕ್ರಿಯಗೊಳಿಸಿದ್ದಾರೆ. ಎನೇಬಲ್ ಒತ್ತಿದರೆ ಕೆಲಸ ಮುಗಿಯಿತು. 28 ಎಂದರೆ ಡ್ರೈವರ್ ಇಲ್ಲವೇ ಇಲ್ಲ. 43 ಎಂದರೆ ಸಾಧನವೇ ತೊಂದರೆ ಇದೆಯೆಂದು ತಿಳಿಸಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಕೋಡ್ 10 ಮಾತ್ರ ವೈದ್ಯರು ಚೀಟಿಯಲ್ಲಿ ಬರೀ ‘ಜ್ವರ’ ಎಂದು ಬರೆದುಕೊಟ್ಟ ಹಾಗೆ: ಸಾಧನ ಶುರುವಾಗಲಿಲ್ಲ ಎನ್ನುತ್ತದೆ, ಏಕೆಂದು ಹೇಳುವುದಿಲ್ಲ.

ಮುಂದಿನ ಹೆಜ್ಜೆ ಅದೇ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿರುವ ಹಾರ್ಡ್‌ವೇರ್ ಐಡಿ. ಉದ್ದನೆಯ ಆ ಸಾಲಿನಲ್ಲಿ ‘ವೆನ್’ ನಂತರದ ನಾಲ್ಕು ಅಕ್ಷರಗಳು ಚಿಪ್ ತಯಾರಕರನ್ನೂ ‘ಡೆವ್’ ನಂತರದ ನಾಲ್ಕು ಆ ಚಿಪ್ಪನ್ನೂ ಸೂಚಿಸುತ್ತವೆ. 8086 ಕಂಡರೆ ಇಂಟೆಲ್, 1002 ಕಂಡರೆ ಎಎಂಡಿಯ ಗ್ರಾಫಿಕ್ಸ್. (ಇಂಟೆಲ್ ತನ್ನ 1978ರ ಹೆಸರಾಂತ ಪ್ರೊಸೆಸರಿನ ಅಂಕಿಯನ್ನೇ ಗುರುತಾಗಿ ಇಟ್ಟುಕೊಂಡಿರುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ.) ಲ್ಯಾಪ್‌ಟಾಪಿನ ಮಾಡೆಲ್ ಹೆಸರನ್ನು ನಂಬಿ ಹೊರಟರೆ ಎಡವುವ ಸಾಧ್ಯತೆ ಹೆಚ್ಚು, ಏಕೆಂದರೆ ಒಂದೇ ಮಾಡೆಲ್ಲಿನಲ್ಲಿ ಬೇರೆ ಬೇರೆ ತಯಾರಕರ ವೈಫೈ ಕಾರ್ಡುಗಳಿರುವುದು ಸಾಮಾನ್ಯ.

‘ಯಾವಾಗಿನಿಂದ’ ಎಂಬ ಪ್ರಶ್ನೆಗೆ ವಿಂಡೋಸಿನಲ್ಲೇ ಇರುವ ರಿಲಯಬಿಲಿಟಿ ಮಾನಿಟರ್ ದಿನವಾರು ಉತ್ತರ ಕೊಡುತ್ತದೆ. ಇನ್ನೂ ಆಳಕ್ಕೆ ಹೋಗಬೇಕಿದ್ದರೆ ವಿಂಡೋಸ್ ಫೋಲ್ಡರಿನೊಳಗಿನ ಐಎನ್‌ಎಫ್ ಫೋಲ್ಡರಿನಲ್ಲಿ ‘ಸೆಟಪ್ ಎಪಿಐ ಡೆವ್’ ಎಂಬ ಲಾಗ್ ಇದೆ. ಯಾವ ಸಾಧನಕ್ಕೆ ಯಾವ ಡ್ರೈವರನ್ನು ಎಷ್ಟು ಹೊತ್ತಿಗೆ ಹೂಡಲಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಇಡೀ ಕಡತವನ್ನು ಓದಲು ಹೋಗಬೇಡಿ, ತಲೆ ಕೆಡುತ್ತದೆ. ಮೂರು ಆಶ್ಚರ್ಯಸೂಚಕಗಳಿರುವ ಸಾಲು ದೋಷ, ಒಂದಿದ್ದರೆ ಬರೀ ಎಚ್ಚರಿಕೆ. ಹಾರ್ಡ್‌ವೇರ್ ಐಡಿ ಕೊಟ್ಟು ಹುಡುಕಿದರೆ ಬೇಕಾದ ಭಾಗ ಸಿಗುತ್ತದೆ. ನನ್ನ ಕಾರ್ಡಿಗೆ ಹಿಂದಿನ ರಾತ್ರಿಯ ಅಪ್‌ಡೇಟ್ ಹೊಸ ಡ್ರೈವರನ್ನು ತಂದು ಕೂರಿಸಿತ್ತು.

ಹಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಿಸುವ ರೋಲ್ ಬ್ಯಾಕ್ ಸಾಕಲ್ಲವೇ ಎನ್ನಬಹುದು. ಆದರೆ ಆ ಬಟನ್ ಮಸುಕಾಗಿತ್ತು, ಒತ್ತಲು ಬರುತ್ತಿರಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಅದೇ ಡ್ರೈವರ್, ಅದೇ ಆವೃತ್ತಿ ಮತ್ತೆ ಹಾಜರ್! ಎಷ್ಟೋ ಜನ ಕೈಚೆಲ್ಲುವುದು ಇಲ್ಲೇ. ಅನ್‌ಇನ್‌ಸ್ಟಾಲ್ ಎಂದಾಗ ಹೋಗುವುದು ಸಾಧನದ ನಮೂದು ಮಾತ್ರ. ಡ್ರೈವರಿನ ಕಡತಗಳು ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲಿ ಉಳಿದಿರುತ್ತವೆ. ಸಾಧನ ಮತ್ತೆ ಕಂಡೊಡನೆ ವಿಂಡೋಸ್ ಅಲ್ಲಿರುವುದರಲ್ಲಿ ಹೆಚ್ಚು ಹೊಂದುವುದನ್ನು ಆರಿಸಿಕೊಳ್ಳುತ್ತದೆ. ಎರಡು ಸಮವಾಗಿ ಹೊಂದಿದರೆ ಮೊದಲು ಡ್ರೈವರಿನ ದಿನಾಂಕ ನೋಡುತ್ತದೆ, ಆವೃತ್ತಿ ಸಂಖ್ಯೆ ಆಮೇಲೆ. ಅದು ಹೊಸ ದಿನಾಂಕವನ್ನು ನೋಡುತ್ತದೆಯೇ ಹೊರತು ಡ್ರೈವರ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನಲ್ಲ. ಅನ್‌ಇನ್‌ಸ್ಟಾಲ್ ಪೆಟ್ಟಿಗೆಯಲ್ಲಿ ಡ್ರೈವರನ್ನೂ ಅಳಿಸಲು ಒಂದು ಟಿಕ್ ಇದೆ, ಅದನ್ನು ಹಾಕಬೇಕು.

ನಾನು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪಿಎನ್‌ಪಿ ಯುಟಿಲ್ ಎಂಬ ಕಮಾಂಡ್ ಬಳಸುತ್ತೇನೆ. ಹೊರಗಿನಿಂದ ಬಂದ ಡ್ರೈವರ್‌ಗಳನ್ನೆಲ್ಲ ಅದು ಪಟ್ಟಿ ಮಾಡಿ ಕೊಡುತ್ತದೆ. ಪ್ರತಿಯೊಂದಕ್ಕೂ ‘ಒಇಎಂ’ ಎಂಬುದರ ಜೊತೆ ಒಂದು ಅಂಕಿ ಸೇರಿದ ಹೆಸರಿರುತ್ತದೆ. ಅಳಿಸುವ ಮುನ್ನ ಅದೇ ಕಮಾಂಡಿನಿಂದ ಆ ಹೊಸ ಡ್ರೈವರನ್ನು ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಕೊಂಡೆ, ಬಳಿಕ ತೆಗೆದುಹಾಕಿದೆ. ಈ ಹೊತ್ತಿನಲ್ಲಿ ಇಂಟರ್ನೆಟ್ ಸಂಪರ್ಕ ಇರಬಾರದು, ಇದ್ದರೆ ವಿಂಡೋಸ್ ಅಪ್‌ಡೇಟ್ ಅದನ್ನೇ ಮತ್ತೆ ತಂದು ಕೂರಿಸುತ್ತದೆ. ವೈಫೈ ಸತ್ತಿದ್ದ ನನಗೆ ಆ ಚಿಂತೆ ಇರಲಿಲ್ಲ, ಕೇಬಲ್ ಕಿತ್ತರೆ ಸಾಕಾಯಿತು.

ಹಳೆಯ ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಲ್ಯಾಪ್‌ಟಾಪ್ ತಯಾರಕರ ಪುಟದಿಂದಲೇ ಇಳಿಸಿಕೊಂಡೆ. ವೈಫೈ, ಟಚ್‌ಪ್ಯಾಡ್, ಧ್ವನಿ ಇವುಗಳಿಗೆ ನನ್ನ ಆಯ್ಕೆ ಲ್ಯಾಪ್‌ಟಾಪ್ ತಯಾರಕರು. ಗ್ರಾಫಿಕ್ಸಿಗೆ ಮಾತ್ರ ಚಿಪ್ ತಯಾರಕರು. ‘ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆ’ ಎನ್ನುವ ತಂತ್ರಾಂಶಗಳನ್ನು ನಾನು ಮುಟ್ಟುವುದಿಲ್ಲ. ಸರಿಯಾಗಿರುವ ಹತ್ತನ್ನು ಬದಲಿಸಿ ಕೆಟ್ಟಿರುವ ಒಂದನ್ನು ಹಾಗೆಯೇ ಬಿಡುವ ತಂತ್ರಾಂಶ ನನಗೇಕೆ?

ಇಷ್ಟಾಗಿಯೂ ಸರಿಹೋಗದಿದ್ದರೆ ಉಬುಂಟು (ಲಿನಕ್ಸಿನ ಒಂದು ರೂಪ) ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಶುರು ಮಾಡಿ ನೋಡುತ್ತೇನೆ, ಅನುಸ್ಥಾಪಿಸಬೇಕಾಗಿಲ್ಲ. ಅಲ್ಲಿ ವೈಫೈ ಬಂದರೆ ಕಾರ್ಡ್ ಸರಿಯಾಗಿದೆ, ತಪ್ಪು ವಿಂಡೋಸ್ ಕಡೆ ಇದೆ. ಬಾರದಿದ್ದ ಮಾತ್ರಕ್ಕೆ ಕಾರ್ಡ್ ಸತ್ತಿದೆ ಎನ್ನಲಾಗದು, ಕಾರ್ಡಿನೊಳಗೆ ಓಡಬೇಕಾದ ಫರ್ಮ್‌ವೇರ್ ಕಡತ ಸಿಗದೆ ಹಾಗಾಗಿರಬಹುದು. ಆದರೆ ಅಲ್ಲಿನ ‘ಎಲ್‌ಎಸ್‌ಪಿಸಿಐ’ ಕಮಾಂಡ್ ಕೊಡುವ ಸಾಧನಗಳ ಪಟ್ಟಿಯಲ್ಲೇ ಕಾರ್ಡ್ ಕಾಣದಿದ್ದರೆ ಡ್ರೈವರಿನ ಮಾತು ಬಿಟ್ಟು ಬಯಾಸ್ ಸೆಟ್ಟಿಂಗ್ ನೋಡಬೇಕು, ಇಲ್ಲವೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಕು.

ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹಳೆಯ ಡ್ರೈವರ್ ಕೂತ ಕೂಡಲೇ ತ್ರಿಕೋನ ಹೋಯಿತು. ಅಪ್‌ಡೇಟನ್ನು ಕೆಲಕಾಲ ತಡೆಹಿಡಿದು, ತಯಾರಕರ ಪುಟದಲ್ಲಿ ಆ ಕೆಟ್ಟ ಡ್ರೈವರಿಗಿಂತ ಹೊಸ ಆವೃತ್ತಿ ಬಂದ ಮೇಲೆ ಅದನ್ನು ಹಾಕಿಕೊಂಡೆ. ಈಗ ಅದೇ ನಡೆಯುತ್ತಿದೆ.